ಪ್ರೋಟೀನ್ ಪುಡಿಗೆ ಟೇಪು ಹಿಡಿದದ್ದು

ನೀವೇ ನ್ಯಾಯ ಹೇಳಿ. ಊರಿನ ಅರ್ಧ ಜನರ ಎದೆ, ಸೊಂಟ, ತೋಳುಗಳ ಅಳತೆ ನನಗೆ ಬಾಯಿಪಾಠ. ಎದುರಿಗೆ ಬಂದವರ ಮುಖ ಮರೆತರೂ ಕಾಲರಿನ ಅಳತೆ ಮರೆಯುವವನಲ್ಲ. ಅಂಥ ಟೈಲರಿಗೆ, ಅವನದೇ ಮನೆಯಲ್ಲಿ, ಅವನದೇ ಊಟದ ಮೇಜಿನ ಮುಂದೆ ಕೂತು, "ಭಾವ, ಮೈಕಟ್ಟಿನ ವಿಷಯ ನಿಮಗೆ ಗೊತ್ತಾಗಲ್ಲ, ಸುಮ್ನಿರಿ" ಎಂದರೆ ಮೈ ಉರಿಯುವುದಿಲ್ಲವೇ?

ಹಾಗೆಂದವನು ನನ್ನ ಬಾಮೈದ. ಜಿಮ್ಮಿನಲ್ಲಿ ತರಬೇತುದಾರ. (ಅಂಗಿಯ ತೋಳು ಬಿಗಿಯಾಗಿರಲಿ ಎಂದು ಹಟ ಹಿಡಿದು ಹೊಲಿಸಿಕೊಂಡು, ತೋಳು ಮಡಚಿದಾಗ ಹೊಲಿಗೆ ಬಿಟ್ಟರೆ ನನ್ನ ದಾರವನ್ನು ಬಯ್ಯುವ ಆಸಾಮಿ.) ನನ್ನ ಮಗಳು ವೇಟ್‌ಲಿಫ್ಟರ್. ತಂಡದ ಆಯ್ಕೆ ಹತ್ತಿರ ಬಂದಿತ್ತು. ಹಾಲಿನ ಪ್ರೋಟೀನ್ ಪುಡಿ ಯಾವುದು ಒಗ್ಗುತ್ತದೋ ನೋಡಿಕೋ ಎಂದು ಅವಳ ಕೋಚ್ ಹೇಳಿದ್ದೇ ತಡ, ಈ ಸೋದರಮಾವ ಮೂರು ಡಬ್ಬ ಹೊತ್ತುಕೊಂಡು ಬಂದ. ಒಂದೊಂದೂ ಗೋಡೆಗೆ ಬಳಿಯುವ ಬಣ್ಣದ ಡಬ್ಬದಷ್ಟು ದೊಡ್ಡದು.

"ಇದು ವೇ ಕಾನ್ಸಂಟ್ರೇಟ್. ಹಾಲು ಒಡೆದಾಗ ನೀರು ಬರತ್ತಲ್ಲ, ಅದರಿಂದ ಮಾಡಿದ್ದು. ಸ್ವಲ್ಪ ಕೊಬ್ಬು, ಹಾಲಿನ ಸಕ್ಕರೆ ಉಳ್ಕೊಂಡಿರತ್ತೆ. ಇದು ಐಸೋಲೇಟ್. ಅದನ್ನೇ ಇನ್ನೂ ಚೆನ್ನಾಗಿ ಸೋಸಿದ್ದು, ಬೇಗ ಜೀರ್ಣ ಆಗತ್ತೆ. ಮೂರನೇದು ಕೇಸೀನ್. ಹಾಲಿನ ಗಟ್ಟಿ ಭಾಗದ್ದು, ಹೊಟ್ಟೇಲಿ ನಿಧಾನಕ್ಕೆ ಕರಗತ್ತೆ."

"ಬಟ್ಟೇಲಿ ಪಾಪ್ಲಿನ್, ತೆಳು ಮಲ್ಲು, ದಪ್ಪ ಕ್ಯಾನ್ವಾಸ್ ಇದ್ದ ಹಾಗೆ ಅನ್ನು," ಎಂದೆ. ಆಗಲೇ ಅವನು ಮೇಲಿನ ಆಣಿಮುತ್ತು ಉದುರಿಸಿದ್ದು.

ಜಗಳ ಹತ್ತಿಕೊಂಡಿತು. ನಿಧಾನಕ್ಕೆ ಕರಗುವುದೇ ಗಟ್ಟಿಯಾಗಿ ನಿಲ್ಲುವುದು ಎಂದು ನಾನು. ವ್ಯಾಯಾಮ ಮುಗಿದ ಮೇಲೆ ಬೇಗ ಸೇರುವುದೇ ಬೇಕು ಎಂದು ಅವನು. ನಾವಿಬ್ಬರೂ ಮೇಜು ಗುದ್ದುತ್ತಿರುವಾಗ ಮಗಳು ಮೊದಲನೆಯ ಡಬ್ಬದ್ದನ್ನು ಕುಡಿದು ನೋಡಿ, ಹೊಟ್ಟೆ ಉಬ್ಬರಿಸುತ್ತದೆ ಎಂದು ಪಕ್ಕಕ್ಕಿಟ್ಟಳು. ಎರಡನೆಯದು ಒಗ್ಗಿತು. "ನನಗಿದೇ ಸಾಕು ಕಣಪ್ಪ," ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು ತರಬೇತಿ ಶಿಬಿರಕ್ಕೆ ಹೊರಟೇಹೋದಳು. ನಮ್ಮ ವಾದ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

ಗೆದ್ದೆನೆಂಬ ಗತ್ತಿನಲ್ಲಿ ಬಾಮೈದ ಇನ್ನೊಂದು ಮಾತು ಸೇರಿಸಿದ. "ಹಾಗೇ ಅವಳ ಸ್ಪರ್ಧೆ ಉಡುಪೂ ನಾನೇ ತಂದ್ಬಿಡ್ತೀನಿ. ರೆಡಿಮೇಡ್ ಚೆನ್ನಾಗಿರತ್ತೆ."

ರೆಡಿಮೇಡ್! ನಾನು ಬದುಕಿದ್ದೇನೆ, ಕತ್ತರಿ ಹರಿತವಾಗಿದೆ, ಮಗಳು ರೆಡಿಮೇಡ್ ತೊಟ್ಟು ನಾಲ್ಕು ಜನರ ಮುಂದೆ ನಿಲ್ಲಬೇಕೇ? ಅವಳ ಮೊದಲ ಲಂಗದಿಂದ ಹಿಡಿದು ಇವತ್ತಿನವರೆಗೆ ಅಂಗಡಿಯ ಬಟ್ಟೆ ಅವಳ ಮೈ ಸೋಕಿಲ್ಲ. "ಉಡುಪು ನಾನು ಹೊಲೀತೀನಿ," ಎಂದು ಗುಡುಗಿದೆ. ಕಾಜ ಹೊಲಿಯುತ್ತ ಕೂತಿದ್ದ ನನ್ನವಳು ತಲೆಯೆತ್ತಿ ತಮ್ಮನ ಕಡೆ ಒಮ್ಮೆ ನೋಡಿ, ಮತ್ತೆ ಸೂಜಿಗೆ ದಾರ ಪೋಣಿಸಿದಳು.

ಶಿಬಿರಕ್ಕೆ ಹೋಗುವ ಮುಂಚೆ ತೆಗೆದ ಮಗಳ ಅಳತೆ ನನ್ನಲ್ಲಿತ್ತು. ಆದರೆ ಬೆಳೆಯುವ ಮಕ್ಕಳ ಬಟ್ಟೆಯನ್ನು ಇವತ್ತಿನ ಮೈಗೆ ಕತ್ತರಿಸುವವನು ಟೈಲರೇ ಅಲ್ಲ. ಶಾಲೆಯ ಸಮವಸ್ತ್ರಗಳಿಗೆ ಮುಂದಿನ ವರ್ಷದ ಮೈಯನ್ನು ಊಹಿಸಿ ಬಟ್ಟೆ ಬಿಟ್ಟು ಹೊಲಿದೇ ನಾನು ಹೆಸರು ಮಾಡಿದ್ದು. ಪುಡಿ ಕುಡಿದು ಭಾರ ಎತ್ತುವ ಹುಡುಗಿ ಎಷ್ಟು ಬೆಳೆಯಬಹುದು? ಊಹೆ ಬೇಡ, ಪ್ರಯೋಗವೇ ಆಗಲಿ ಎಂದು ಮನೆಯಲ್ಲಿ ಉಳಿದಿದ್ದ ಕೇಸೀನ್ ಡಬ್ಬದ ಮುಚ್ಚಳ ತೆರೆದೆ.

ನೀರಿನಲ್ಲಿ ಕಲಸಿದರೆ ಅದು ಬಾಯಿಗೆ ಬಳಿದ ಸುಣ್ಣ. ಆದ್ದರಿಂದ ಕೆನೆಹಾಲು, ಬಾಳೆಹಣ್ಣು, ಧಾರಾಳವಾಗಿ ಸಕ್ಕರೆ. (ವಿಜ್ಞಾನಕ್ಕೂ ರುಚಿ ಬೇಡವೇ?) ದಿನಾ ಊಟವಾದ ಮೇಲೆ ದೊಡ್ಡ ಲೋಟದ ತುಂಬ ಕುಡಿದು, ಬೆಳಗ್ಗೆ ಎದ್ದು ಕನ್ನಡಿಯ ಮುಂದೆ ಟೇಪು ಸುತ್ತಿಕೊಳ್ಳುತ್ತಿದ್ದೆ. ಏನು ಹೇಳಲಿ! ಎದೆ ಬೆಳೆಯಿತು, ತೋಳು ಬೆಳೆಯಿತು. ಸೊಂಟವಂತೂ ಉಳಿದೆಲ್ಲ ಅಂಗಗಳನ್ನು ಹಿಂದೆ ಹಾಕಿ ಓಡಿತು.

"ನೋಡೇ," ಎಂದು ನನ್ನವಳನ್ನು ಕರೆದೆ. "ನಿಧಾನದ ಪುಡಿ, ಕೂತಲ್ಲೇ ಕೂತು ಮಿಷನ್ ತುಳಿಯೋ ನನಗೇ ಇಷ್ಟು ಮಾಡಿದೆ. ವೇಗದ ಪುಡಿ, ಭಾರ ಎತ್ತೋ ಹುಡುಗಿಗೆ ಎಷ್ಟು ಮಾಡಿರ್ಬೇಡ?"

"ರೀ, ಅವಳು ಅವಳ ತೂಕದ ಗುಂಪು ಮೀರೋ ಹಾಗಿಲ್ಲ ಅಂತ ಕೋಚ್ ಹೇಳಿದ್ರಲ್ಲ?"

"ತೂಕದ ಮಾತು ತಕ್ಕಡಿಯವನಿಗೆ. ಇದು ಅಳತೆ."

"ಫೋನಲ್ಲಿ ಅವಳನ್ನೇ ಕೇಳ್ಬಾರ್ದಾ?"

"ಅಳತೆನ ಗಿರಾಕೀನ ಕೇಳಿ ಬರ್ಕೊಳ್ಳೋ ಟೈಲರ್ ನೋಡಿದೀಯಾ?"

ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಸೋತಳು ಎಂದುಕೊಂಡೆ. ಮಗಳ ಹಳೆಯ ಅಳತೆಗೆ ನನ್ನ ಬೆಳವಣಿಗೆ ಕೂಡಿಸಿ, ವೇಗಕ್ಕೆಂದು ಇನ್ನೊಂದಿಷ್ಟು ಸೇರಿಸಿ, ಹಿಗ್ಗುವ ಬಟ್ಟೆಗೆ ಕತ್ತರಿ ಹಾಕಿದೆ. ಕಡುನೀಲಿ ಉಡುಪು, ಪಕ್ಕದಲ್ಲಿ ಬಿಳಿ ಪಟ್ಟಿ. ಹೊಲಿಗೆ ಒಂದೂ ಓರೆಯಿಲ್ಲ. ನನ್ನ ಕೈಗೆ ನಾನೇ ಮುತ್ತು ಕೊಡಬೇಕೆನಿಸಿತು.

ಆಯ್ಕೆ ಸ್ಪರ್ಧೆಯ ದಿನ ನಾನು, ನನ್ನವಳು, ಬಾಮೈದ ನೇರ ಕ್ರೀಡಾಂಗಣಕ್ಕೆ ಹೋದೆವು. ಉಡುಪನ್ನು ಮಗಳ ಕೈಗಿತ್ತೆ. ಒಳಗೆ ಹೋಗಿ ತೊಟ್ಟು ಬಂದಳು. ತೊಟ್ಟಳೋ, ಉಡುಪಿನೊಳಗೆ ಕಳೆದುಹೋದಳೋ! ಭುಜದ ಪಟ್ಟಿಗಳು ಮೊಣಕೈಗೆ ಜಾರಿದ್ದವು. ಹೊಟ್ಟೆಯ ಮುಂದೆ ಬಟ್ಟೆ ಜೋಲಿಯ ಹಾಗೆ ನೇತಾಡುತ್ತಿತ್ತು. ಹೋದಾಗ ಹೇಗಿದ್ದಳೋ ಹಾಗೇ ಇದ್ದಳು ನನ್ನ ಮಗಳು, ಸ್ವಲ್ಪ ಬಿಗಿಯಾಗಿದ್ದಳು ಅಷ್ಟೆ.

ಮೇಲ್ವಿಚಾರಕಿ ನೋಡಿದವಳೇ ಕೈ ಅಡ್ಡ ಹಿಡಿದಳು. "ಉಡುಪು ಮೈಗೆ ಅಂಟ್ಕೊಂಡಿರ್ಬೇಕು. ಇದನ್ನ ಹಾಕ್ಕೊಂಡು ವೇದಿಕೆ ಹತ್ತೋ ಹಾಗಿಲ್ಲ. ಬೇರೆ ಇದ್ರೆ ಬೇಗ ಹಾಕ್ಕೊಂಡು ಬಾ, ಇಲ್ಲಾಂದ್ರೆ ನಿನ್ನ ಸರದಿ ಹೋಯ್ತು."

"ಅಪ್ಪಾ, ಏನಪ್ಪಾ ಇದು?" ಎಂದಳು ಮಗಳು. ಕಣ್ಣಲ್ಲಿ ನೀರಿತ್ತು. ವರ್ಷಗಟ್ಟಲೆ ಬೆಳಗಿನ ಸಕ್ಕರೆ ನಿದ್ದೆ ಬಿಟ್ಟು ಭಾರ ಎತ್ತಿದವಳು ಅಪ್ಪನ ಹೊಲಿಗೆಯಿಂದಾಗಿ ಬಾಗಿಲಲ್ಲಿ ನಿಂತಿದ್ದಳು. ಜೇಬು ತಡಕಿದೆ. ಟೇಪು ಇತ್ತು, ಸೀಮೆಸುಣ್ಣ ಇತ್ತು, ಸೂಜಿ ಮಾತ್ರ ಇರಲಿಲ್ಲ.

ಆಗ ನನ್ನವಳು ತನ್ನ ಚೀಲದಿಂದ ಒಂದು ಪೊಟ್ಟಣ ತೆಗೆದು ಮಗಳ ಕೈಗಿಟ್ಟಳು. ರೆಡಿಮೇಡ್! ಬಾಮೈದ ಮೇಲೆ ಚಾವಣಿ ನೋಡುತ್ತ ನಿಂತಿದ್ದ.

"ಇದ್ಯಾವಾಗ ತಂದಿದ್ದು?" ಎಂದು ಹಲ್ಲು ಕಡಿದೆ.

"ನೀವು ನಿಮ್ಮ ಸೊಂಟ ಅಳೆದು ಅವಳ ಬಟ್ಟೆ ಕತ್ತರಿಸಿದ್ರಲ್ಲ, ಅವತ್ತೇ ತಮ್ಮನ ಹತ್ರ ತರಿಸ್ದೆ."

ಮಗಳು ಎತ್ತಿದಳು. ತಂಡಕ್ಕೆ ಆಯ್ಕೆಯೂ ಆದಳು. ನಾನು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ, ಸಂತೋಷಕ್ಕೆ ಕಣ್ಣೂ ತುಂಬಿತು. ಆದರೂ ಹೇಳುತ್ತೇನೆ, ಆ ರೆಡಿಮೇಡಿನ ಬೆನ್ನ ಹೊಲಿಗೆ ಸುಕ್ಕುಗಟ್ಟಿತ್ತು. ಅಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರಿಗಾದರೂ ಅದು ಕಾಣಿಸಬೇಡವೇ?

ಮನೆಗೆ ಬಂದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ತಪ್ಪು ಪುಡಿಯದು, ನನ್ನ ಕತ್ತರಿಯದಲ್ಲ. ಅದನ್ನು ನನಗೆ ನಾನೇ ರುಜುವಾತು ಮಾಡಿಕೊಳ್ಳದೆ ಸಮಾಧಾನವಿರಲಿಲ್ಲ. ಅವರೆಲ್ಲ ಅಡುಗೆಮನೆಯಲ್ಲಿದ್ದಾಗ ಕೋಣೆಯ ಬಾಗಿಲು ಮುಂದೆ ಮಾಡಿ, ಕಡುನೀಲಿ ಉಡುಪನ್ನು ತೊಟ್ಟು ಕನ್ನಡಿಯ ಮುಂದೆ ನಿಂತೆ. ಆಹಾ! ಎದೆಗೆ ಸರಿ, ಭುಜಕ್ಕೆ ಸರಿ, ಸೊಂಟಕ್ಕಂತೂ ಕೈಗವಸಿನ ಹಾಗೆ ಕೂತಿತ್ತು. ಟ್ರಯಲ್ ಇಲ್ಲದೆ ಇಷ್ಟು ಚೆನ್ನಾಗಿ ಕೂತ ಬಟ್ಟೆಯನ್ನು ನಾನು ಹಿಂದೆಂದೂ ಹೊಲಿದಿರಲಿಲ್ಲ. ಖುಷಿ ತಡೆಯಲಾರದೆ ಎರಡೂ ಕೈ ಮೇಲೆತ್ತಿ, ಭಾರ ಎತ್ತಿದವನ ಭಂಗಿಯಲ್ಲಿ ನಿಂತೆ.

ಕನ್ನಡಿಯಲ್ಲಿ ಬಾಗಿಲು ತೆರೆದುಕೊಂಡಿತು. ಮಗಳು, ಬಾಮೈದ, ಅವರ ಮುಂದೆ ನನ್ನವಳು. ಬಾಮೈದ ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಮಗಳು ಗೋಡೆಗೆ ಒರಗಿ ಕುಸಿದಿದ್ದಳು. ನನ್ನವಳೊಬ್ಬಳು ನಗಲಿಲ್ಲ. ಹತ್ತಿರ ಬಂದು, ನನ್ನ ಸೊಂಟದ ಹತ್ತಿರ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿ ಗಂಭೀರವಾಗಿ ಹೇಳಿದಳು:

"ಅಳತೆ ಒಂದು ಕೂದಲೂ ತಪ್ಪಿಲ್ಲ ರೀ. ಗಿರಾಕಿ ಯಾರು ಅನ್ನೋದೊಂದೇ ತಪ್ಪಿದ್ದು."