ಬಸುರಿಯ ಗಂಡ ಹೊಳೆ ದಾಟಿದ್ದು

ನಾಲ್ಕು ತಿಂಗಳು ತುಂಬಿದ ಮೇಲೆ ಬಸುರಿಗೂ ಸುಖ, ಅವಳ ಗಂಡನಿಗೂ ಸುಖ ಎಂದು ಯಾರೋ ಹೇಳಿದ್ದನ್ನು ನಾನು ನಂಬಿದ್ದೆ. ನೋಡಿದರೆ ಹಾಗೆಯೇ ಕಾಣುತ್ತಿತ್ತು. ಅನ್ನದ ವಾಸನೆ ಬಂದರೆ ಬಚ್ಚಲಿಗೆ ಓಡುತ್ತಿದ್ದ ನನ್ನ ಹೆಂಡತಿ ಗುಲಾಬಿ ಈಗ ನನ್ನ ತಾಟಿನ ಮೀನನ್ನೂ ಕೇಳಿ ತಿನ್ನತೊಡಗಿದಳು. ಮುಖಕ್ಕೆ ಕಳೆ ಬಂತು. ಕುಪ್ಪಸ ಬಿಗಿಯಾಯಿತು. ಇನ್ನು ನನ್ನ ಕೆಲಸವೇನಿದ್ದರೂ ಒಳ್ಳೆಯ ಹೆಸರು ಹುಡುಕುವುದು ಎಂದುಕೊಂಡು, ಹೊನ್ನಾವರದ ನಮ್ಮ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತೆ.

ಆಗ ಕಾಯಿದೆ ಜಾರಿಯಾಯಿತು. ಜಾರಿ ಮಾಡಿದವಳು ನನ್ನ ತಾಯಿ. ನಾವು ಅವಳನ್ನು ಆಯಿ ಎಂದು ಕರೆಯುತ್ತಿದ್ದೆವು. ಮನೆಯಲ್ಲಿ ಅವಳ ಮಾತಿಗೆ ಅಪೀಲು ಇರಲಿಲ್ಲ; ಅವಳು ‘ಆಗ’ ಎಂದರೆ ಆಗದು, ಅಷ್ಟೇ.

“ತಮಾ, ಹೆಂಡ್ತಿ ಬಸುರಿ ಇರುವಾಗ ಗಂಡ ಆದವ ಕ್ಷೌರ ಮಾಡ್ಸೂಕೆ ಆಗ. ಹೆಣಕ್ಕೆ ಹೆಗಲು ಕೊಡೂಕೆ ಆಗ. ಸಮುದ್ರ ದಾಟೂಕೆ ಆಗ. ಮಗುವಿನ ಆಯುಷ್ಯಕ್ಕೆ ಕುತ್ತು.”

“ಸಮುದ್ರ ದಾಟಿ ನಾ ಎಲ್ಲಿಗೆ ಹೋಗ್ತೆ ಆಯಿ?”

ನಾನು ಶಾಲೆಯಲ್ಲಿ ಭೂಗೋಳ ಕಲಿಸುವ ಮಾಸ್ತರ. ನಕಾಶೆಯ ಮೇಲೆ ಕೋಲಿಟ್ಟು ದಿನವೂ ಸಮುದ್ರ ದಾಟುತ್ತಿದ್ದೆನೇ ಹೊರತು ಕಾಲು ಒದ್ದೆ ಮಾಡಿಕೊಂಡವನಲ್ಲ. ಸಂತೋಷದಿಂದ ಒಪ್ಪಿದೆ.

ಗಡ್ಡ ಬೆಳೆಯಿತು. ದೀಪಾವಳಿ ರಜೆ ಬರುವಷ್ಟರಲ್ಲಿ ಮಕ್ಕಳು ನನ್ನನ್ನು ಬಾವಾಜಿ ಮಾಸ್ತರ ಎನ್ನತೊಡಗಿದ್ದರು. ಅದೂ ಇರಲಿ. ರಜೆಯ ಒಂದು ಬೆಳಿಗ್ಗೆ ಗುಲಾಬಿ ಗಂಜಿಯ ಮುಂದೆ ಕುಳಿತು ನಿಟ್ಟುಸಿರು ಬಿಟ್ಟಳು.

“ಎಂತ ಆತು?” ಎಂದೆ.

“ನಮ್ಮ ಅವ್ವಿ ಮಾಡಿದ ಒಣ ಶೆಟ್ಲಿ ಚಟ್ನಿ ತಿನ್ಬೇಕು ಅನಿಸ್ತದೆ.”

ಶೆಟ್ಲಿ ಎಂದರೆ ಸಿಗಡಿ. “ಒಣ ಶೆಟ್ಲಿ ನಮ್ಮನೇಲೂ ಇದ್ಯಲ್ಲ,” ಎಂದೆ.

“ಅವ್ವಿ ಮಾಡಿದ್ದು,” ಎಂದಳು.

ಆಯಿ ಒಳಗಿನಿಂದಲೇ ಹೇಳಿದಳು: “ಬಸುರಿ ಬಯಕೆ ತೀರ್ಸದಿದ್ರೆ ಹುಟ್ಟೋ ಮಗುವಿನ ಕಿವಿ ಸೋರ್ತದೆ. ನೋಡ್ಕೋ.”

ಗುಲಾಬಿಯ ತವರು ಮಂಕಿ. ಆಗ ಸೇತುವೆ ಇರಲಿಲ್ಲ. ಶರಾವತಿಯನ್ನು ತಾರಿ ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿಯಬೇಕು. ನಾನು ಚೀಲ ಹಿಡಿದು ಹೊರಟರೆ ಆಯಿ ಬಾಗಿಲಿಗೆ ಅಡ್ಡ ನಿಂತಳು.

“ಸಮುದ್ರ ದಾಟೂಕೆ ಆಗ ಅಂದದ್ದಲ್ವಾ?”

“ಅದು ಶರಾವತಿ ಆಯಿ. ಹೊಳೆ.”

“ನೀರು ಉಪ್ಪಿದ್ರೆ ಅದು ಹೊಳೆ ಹ್ಯಾಂಗೆ?”

ಭೂಗೋಳದ ಮಾಸ್ತರನಿಗೆ ಇಂಥ ಪ್ರಶ್ನೆ ಕೇಳಬಾರದು. ಭರತಿ ಬಂದಾಗ ಕಡಲ ನೀರು ಒಳಗೆ ನುಗ್ಗಿ ಹೊಳೆ ಉಪ್ಪಾಗುತ್ತದೆ, ಇಳಿತದಲ್ಲಿ ಮತ್ತೆ ಸಿಹಿಯಾಗುತ್ತದೆ ಎಂದು ಸವಿಸ್ತಾರವಾಗಿ ವಿವರಿಸಿದೆ. ಅದೇ ತಪ್ಪಾಯಿತು. ಆಯಿ ತೀರ್ಪು ಕೊಟ್ಟಳು:

“ಹಂಗಾರೆ ಸಿಹಿ ಇದ್ದಾಗ ದಾಟು. ಉಪ್ಪಿದ್ರೆ ಬೇಡ. ಬಾಯಿಗೆ ಹಾಕಿ ನೋಡು.”

ದಾಟದಿದ್ದರೆ ಮಗುವಿನ ಕಿವಿ, ದಾಟಿದರೆ ಮಗುವಿನ ಆಯುಷ್ಯ. ನನಗೆ ಇವುಗಳಲ್ಲಿ ನಂಬಿಕೆ ಇರಲಿಲ್ಲ. ಆದರೆ ಮೊದಲ ಮಗು ನೋಡಿ, ಪರೀಕ್ಷೆ ಮಾಡುವ ಧೈರ್ಯವೂ ಇರಲಿಲ್ಲ.

ದೋಣಿ ನಿಲ್ಲುವ ಧಕ್ಕೆಯಲ್ಲಿ ಬಗ್ಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿದೆ. ಸಪ್ಪೆ. ದೋಣಿ ಹತ್ತಿದೆ. ದೋಣಿಯವ ನನ್ನ ಗಡ್ಡವನ್ನೂ ಬೊಗಸೆಯನ್ನೂ ನೋಡಿ, ಯಾರೋ ದೊಡ್ಡ ತಪಸ್ವಿ ಎಂದುಕೊಂಡು ಕೈಮುಗಿದು ಮುಂದಿನ ಹಲಗೆ ಬಿಟ್ಟುಕೊಟ್ಟ.

ಮಂಕಿಯಲ್ಲಿ ಅತ್ತೆ ಬಾಗಿಲಿಗೆ ಬಂದವರು ನನ್ನನ್ನು ನೋಡಿ, ಒಳಗೆ ಹೋಗಿ, ಸೇರಿನ ತುಂಬ ಅಕ್ಕಿ ತಂದು ನನ್ನ ಚೀಲಕ್ಕೆ ಸುರಿದರು.

“ಅತ್ತೆ, ನಾನು,” ಎಂದೆ.

“ಆತು ಬಾವಾಜಿ, ಮುಂದಿನ ಮನೆಗೆ ಹೋಗಿ,” ಎಂದರು.

ಅಳಿಯ ಎಂದು ತಿಳಿದ ಮೇಲೆ ನಾಚಿಕೆಯಲ್ಲಿ ಅವರಿಗೆ ಕೈಕಾಲು ಆಡಲಿಲ್ಲ. ಗಡಿಬಿಡಿಯಲ್ಲಿ ಶೆಟ್ಲಿ ಹುರಿದು, ಕಾಯಿ ಸೇರಿಸಿ ಅರೆದು, ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟರು. ಅಳಿಯನನ್ನು ಊಟಕ್ಕೆ ಕೂರಿಸುವುದು ಮರೆತೇ ಹೋಯಿತು. ಬಾಯಿಬಿಟ್ಟು ಕೇಳಲು ನನಗೆ ಬಿಗುಮಾನ.

ಹೊಳೆಯ ದಡಕ್ಕೆ ಮರಳುವಾಗ ಮಧ್ಯಾಹ್ನ ಮೀರಿತ್ತು. ಮತ್ತೆ ಬೊಗಸೆ ನೀರು ಬಾಯಿಗೆ ಹಾಕಿದೆ. ಉಪ್ಪು! ಶುದ್ಧ ಅರಬ್ಬೀ ಸಮುದ್ರ.

“ಹತ್ತಿ, ಹತ್ತಿ,” ಎಂದ ದೋಣಿಯವ.

“ಇಲ್ಲ. ನೀರು ಸಿಹಿ ಆದ ಮೇಲೆ ಬರ್ತೆ.”

“ನೀವು ದೋಣಿಲಿ ಕೂತು ಹೋಗೂದು. ನೀರು ಉಪ್ಪಾದ್ರೆ ನಿಮಗೆಂತ?”

“ನನ್ನ ಹೆಂಡ್ತಿ ಬಸುರಿ.”

ಬೆಳಿಗ್ಗೆ ನನಗೆ ಕೈಮುಗಿದಿದ್ದವನು ಬಾಯಿ ತೆರೆದು ನಿಂತ. ಆಮೇಲೆ ದೋಣಿ ನೂಕಿದ.

ದೋಣಿ ಹೋಯಿತು, ಬಂತು, ಮತ್ತೆ ಹೋಯಿತು. ನಾನು ಆಗಾಗ ಹೊಳೆಯ ರುಚಿ ನೋಡುತ್ತ ಕುಳಿತೆ. ಹೊಟ್ಟೆ ಚುರುಗುಟ್ಟುತ್ತಿತ್ತು. ತೊಡೆಯ ಮೇಲೆ ಬಾಳೆ ಎಲೆಯ ಕಟ್ಟು ಘಮಘಮ ಎನ್ನುತ್ತಿತ್ತು. ಕಟ್ಟು ಸಡಿಲವಾಗಿದೆಯೋ ಎಂದು ನೋಡಲು ಬಿಚ್ಚಿದೆ. ಕೆಟ್ಟಿದೆಯೋ ಎಂದು ನೋಡಲು ಒಂದು ಚಿಟಿಕೆ ತಿಂದೆ. ಕೆಟ್ಟಿರಲಿಲ್ಲ. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಚಿಟಿಕೆ. ಬಸುರಿಗೆ ಕೊಡುವ ಪದಾರ್ಥ, ಎಚ್ಚರಿಕೆ ಬೇಡವೇ? ಎಚ್ಚರಿಕೆ ಹೆಚ್ಚಾಗುತ್ತ ಹೋಯಿತು. ಹೊಳೆ ಸಿಹಿಯಾಗುವ ಹೊತ್ತಿಗೆ ನನ್ನ ಕೈಯಲ್ಲಿ ಎಲೆ ಉಳಿದಿತ್ತು.

ದೀಪ ಹಚ್ಚಿದ ಮೇಲೆ ಮನೆ ಸೇರಿದೆ. ಗುಲಾಬಿ ಅನ್ನ ಬಡಿಸಿಕೊಂಡು, ತಾಟಿನ ಬದಿಯಲ್ಲಿ ಚಟ್ನಿಗೆಂದು ಜಾಗ ಬಿಟ್ಟು ಕಾಯುತ್ತಿದ್ದಳು. ಆ ಖಾಲಿ ಜಾಗ ನೋಡಿ ನನಗೆ ನಿಜವಾಗಿಯೂ ಅಳು ಬಂತು. ಎಲೆಯನ್ನು ಅವಳ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ.

ಆಯಿ ತಲೆಯ ಮೇಲೆ ಕೈ ಇಟ್ಟುಕೊಂಡಳು. “ಈ ಮನೇಲಿ ಬಸುರಿ ಯಾರು?”

ಗುಲಾಬಿ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕುಬಿಟ್ಟಳು. ಎಲೆಗೆ ಅಂಟಿದ್ದನ್ನು ಬೆರಳಿನಿಂದ ಬಳಿದು ನೆಕ್ಕಿ, “ಅವ್ವಿ ಕೈದೇ,” ಎಂದು ಇನ್ನಷ್ಟು ನಕ್ಕಳು. ನಗುತ್ತಿದ್ದವಳು ಒಮ್ಮೆಲೇ ಹೊಟ್ಟೆ ಹಿಡಿದುಕೊಂಡು, “ಆಯಿ, ಒದೀತು,” ಎಂದಳು.

ಅದು ಮೊದಲ ಒದೆ. ಆಯಿ ಓಡಿಬಂದು ಕೈ ಇಟ್ಟಳು. ಒದೆಯಿತು. ಅವಳ ಕಣ್ಣು ತುಂಬಿತು. ಪಕ್ಕದ ಮನೆಯ ದೇವಕಿಯನ್ನು ಕೂಗಿ ಕರೆದಳು. ದೇವಕಿಯ ಕೈಗೂ ಒದೆಯಿತು. ನಾನು ಕೈ ತೊಳೆದು, ಒರೆಸಿಕೊಂಡು, ಭಯಭಕ್ತಿಯಿಂದ ಇಟ್ಟೆ. ಏನೂ ಇಲ್ಲ. ಎಡಕ್ಕೆ ಇಟ್ಟೆ, ಬಲಕ್ಕೆ ಇಟ್ಟೆ. ಸದ್ದಿಲ್ಲ. ಕೈ ತೆಗೆದರೆ ಒದೆಯಿತು. ಇಟ್ಟರೆ ನಿಂತಿತು.

“ಅದಕ್ಕೆ ಗೊತ್ತಾತು,” ಎಂದಳು ಆಯಿ, “ಚಟ್ನಿ ತಿಂದ ಕೈ ಯಾವ್ದು ಅಂತ.”

ಹುಟ್ಟುವ ಮೊದಲೇ ನನ್ನ ಮಗು ನನ್ನ ಜೊತೆ ಟೂ ಬಿಟ್ಟಿತ್ತು!