ಬೀರುವಿನೊಳಗಿನ ಭೂಮಿ

ಮೇಲಿನವರ ಮಾತು ಮೀರುವ ಎದೆಗಾರಿಕೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಉಪ್ಪಿಲ್ಲದ ಸಾರನ್ನೂ ಚೆನ್ನಾಗಿದೆ ಎಂದು ಉಂಡೇಳುವವನು ನಾನು. ಅಂಥವನು ಒಮ್ಮೆ ಮಾತ್ರ ಸೆಟೆದು ನಿಂತೆ, ಅದೂ ಒಂದು ಗ್ಲೋಬಿಗಾಗಿ. ತಪ್ಪು ಮಾಡಿದೆ ಎಂದು ಇವತ್ತಿಗೂ ಒಪ್ಪುವುದಿಲ್ಲ.

ಎಪ್ಪತ್ತರ ದಶಕದ ಮಾತು. ಬಿಳಿಚೋಡಿನಿಂದ ಆಚೆಗೆ ನಾನು ಮೇಷ್ಟ್ರಾಗಿದ್ದ ಹಳ್ಳಿಯ ಶಾಲೆಗೆ ಪಾಠೋಪಕರಣಗಳ ಪೆಟ್ಟಿಗೆ ಬಂತು. ಅದರಲ್ಲಿ ಗ್ಲೋಬು, ನಕ್ಷೆಗಳು, ಒಂದು ಶಿಕ್ಷಕರ ಕೈಪಿಡಿ. ಹೆಡ್‌ಮಾಸ್ಟರು ರುದ್ರಪ್ಪನವರು ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಇನ್‌ಸ್ಪೆಕ್ಟರು ಬರುವ ದಿನ ಗ್ಲೋಬು ಮೇಜಿನ ಮೇಲೆ. ಅವರ ಜೀಪು ಊರು ದಾಟಿದೊಡನೆ ಮತ್ತೆ ಒಳಗೆ. ನಾನು ಮಾತ್ರ ಮೋಸಂಬಿ ಹಿಡಿದು ಭೂಮಿ ಗುಂಡಗಿದೆ ಎನ್ನುತ್ತಿದ್ದೆ. ಪಾಠ ಮುಗಿದ ಮೇಲೆ ಭೂಮಿಯನ್ನು ಸುಲಿದು ಹಂಚಬೇಕಾಗುತ್ತಿತ್ತು. ಒಂದು ದಿನ ಐದನೆಯ ತರಗತಿಯ ಕೆಂಚಮ್ಮ, ಕುರಿಗಾರರ ಮನೆಯ ಹುಡುಗಿ, ಎದ್ದು ನಿಂತು, "ಸಾರ್, ಬೀರುದಾಗೆ ನಿಜವಾದ ಭೂಮಿ ಐತಂತಲ್ಲ, ನಾವು ಯಾವಾಗ ನೋಡೋದು?" ಎಂದಳು. ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

ನೇರ ಹೋಗಿ ಕೀಲಿ ಕೇಳಿದೆ.

"ತಲೆ ಕೆಟ್ಟೈತೇನ್ರಿ ಮೇಷ್ಟ್ರೇ? ನಲವತ್ತು ಹುಡುಗ್ರಿಗೆ ಮುಟ್ಟಾಕೆ ಬಿಟ್ರೆ ಅದು ಉಳಿತೈತಾ? ನಾನು ಚಾರ್ಜ್ ಕೊಟ್ಟು ಹೋಗೋವರೆಗೆ ಎಲ್ಲ ಬಂದಂಗೇ ಇರಬೇಕು."

"ಕೈಪಿಡಿನಾದ್ರೂ ಕೊಡ್ರಿ ಸಾರ್."

ಓದಿದರೆ ಸವೆಯಲಾರದೆಂದು ಕೊಟ್ಟರು. ಅವರು ಎಡವಿದ್ದು ಅಲ್ಲೇ. ಅಂಟಿಕೊಂಡಿದ್ದ ಹಾಳೆ ಬಿಡಿಸಿದರೆ, ಪ್ರತಿ ಮಗುವೂ ಗ್ಲೋಬನ್ನು ಮುಟ್ಟಿ, ತಿರುಗಿಸಿ ತಿಳಿಯಬೇಕು ಎಂದಿತ್ತು! ಆ ಪುಟವನ್ನು ಅವರ ಮುಂದೆ ಬಿಚ್ಚಿಟ್ಟು, "ಕೀಲಿ ಕೊಡೋವರೆಗೆ ಏಳೋದಿಲ್ಲ" ಎಂದು ಕೂತೆ. ಮಧ್ಯಾಹ್ನದ ಗಂಟೆ ಹೊತ್ತಿಗೆ ಕೀಲಿ ಬಂತು. "ಏನಾದ್ರೂ ಆದ್ರೆ ನಿಮ್ಮ ಹೆಸರೇ ಬರೆದು ಕಳಿಸ್ತೀನಿ" ಎಂಬ ಮಾತೂ ಜೊತೆಗೆ ಬಂತು.

ಆ ವರ್ಷವೆಲ್ಲ ಭೂಮಿ ನಮ್ಮ ತರಗತಿಯಲ್ಲಿ ತಿರುಗಿತು. ಎಲ್ಲರಿಗೂ ಮೊದಲು ಬೇಕಾದದ್ದು ನಮ್ಮ ದೇಶ. ರೊಟ್ಟಿ ತಿಂದ ಬೆರಳು ಒತ್ತಿ, "ನಮ್ಮೂರು ಇಲ್ಲೈತೆ" ಎನ್ನುವುದು. ಇನ್‌ಸ್ಪೆಕ್ಟರು ಬಂದ ದಿನ ನೋಡುತ್ತೇನೆ, ಭಾರತವೇ ಇಲ್ಲ! ಸುತ್ತ ಸಮುದ್ರ ನೆಟ್ಟಗಿದೆ, ನಡುವೆ ಬಿಳಿ ಕಾಗದ. ರುದ್ರಪ್ಪನವರು ನನ್ನ ಹೆಸರು ಹೇಳಲು ಬಾಯಿ ತೆರೆದೇ ನಿಂತಿದ್ದರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಯಾವ ಮೂಲೆಗೆ ವರ್ಗವಾಗಿ ಹೋಗಬೇಕೋ ಎಂದು ನಾನು ಆಗಲೇ ಲೆಕ್ಕ ಹಾಕತೊಡಗಿದೆ.

"ಭಾರತ ಎಲ್ಲಿದೆ?" ಎಂದರು ಇನ್‌ಸ್ಪೆಕ್ಟರು.

ಕೆಂಚಮ್ಮ ಬಂದು ಬಿಳಿಯ ಮೇಲೆ ಬೆರಳಿಟ್ಟಳು. "ಇದೇ ಸಾರ್. ಎಲ್ರೂ ಮುಟ್ಟಿ ಮುಟ್ಟಿ ಸವೆದೈತೆ." ಆಮೇಲೆ ಕೇಳದಿದ್ದರೂ ಗ್ಲೋಬು ತಿರುಗಿಸಿ ಜಪಾನು, ಈಜಿಪ್ಟು ಎಲ್ಲ ತೋರಿಸಿದಳು.

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ನಕ್ಕರು. "ಇಷ್ಟು ಬಳಸಿದ ಗ್ಲೋಬನ್ನು ನಾನು ನೋಡಿಯೇ ಇಲ್ಲ. ಯಾರ ಕೆಲಸ ಇದು?"

ತೆರೆದೇ ಇದ್ದ ರುದ್ರಪ್ಪನವರ ಬಾಯಿ, "ಕೀಲಿ ನಾನೇ ಕೊಟ್ಟಿದ್ದು ಸಾರ್" ಎಂದಿತು.

ಎಂಬತ್ತರ ದಶಕದಲ್ಲಿ ಸಂತೇಬೆನ್ನೂರಿನ ಕಡೆ ನಾನೇ ಹೆಡ್‌ಮಾಸ್ಟರಾದೆ. ಹೊಸ ಗ್ಲೋಬು ಬಂತು. ಹೊಸದಾಗಿ ಸೇರಿದ ಮೇಡಂ ಒಬ್ಬರು ಕೀಲಿ ಕೇಳಿದರು. ಈ ಕಥೆಯನ್ನೆಲ್ಲ ಎದೆ ಉಬ್ಬಿಸಿ ಹೇಳಿ, ಧಾರಾಳವಾಗಿ ಕೊಟ್ಟೆ. ಅವರು ಬಾಗಿಲು ದಾಟುವಷ್ಟರಲ್ಲಿ ನನ್ನ ಬಾಯಿಂದ ತಾನಾಗಿಯೇ ಬಂತು:

"ಮೇಡಂ, ಮಕ್ಳಿಗೆ ಹೇಳ್ರಿ, ಭಾರತ ಒಂದನ್ನ ಮಾತ್ರ ಮುಟ್ಟಬಾರ್ದು ಅಂತ."