ಇಲಿ ಹತ್ತದ ಗಾರೆ

ಗಾರೆ ಕೆಲಸದಲ್ಲಿ ಮದ್ದೂರಿನಿಂದ ಮಳವಳ್ಳಿಯವರೆಗೆ ನನ್ನನ್ನು ಮೀರಿಸುವವರು ಯಾರೂ ಇಲ್ಲವೆಂಬ ವಿಷಯ ಎಲ್ಲರಿಗೂ ತಿಳಿದಿತ್ತು. ಹೇಗೆ ತಿಳಿದಿತ್ತೆಂದರೆ, ನಾನೇ ಹೇಳಿದ್ದೆ! ಸಂತೆಯಲ್ಲಿ ಹೇಳಿದ್ದೆ, ಕ್ಷೌರಕ್ಕೆ ಕೂತಾಗ ಹೇಳಿದ್ದೆ, ಕೇಳುವವರು ಸಿಕ್ಕದ ದಿನ ಹೆಂಡತಿ ಕೆಂಪಮ್ಮನಿಗೆ ಹೇಳಿದ್ದೆ. ಅವಳು ಮಾತ್ರ, "ಅಂಗಾರೆ ನಮ್ಮ ಅಡ್ಗೆಮನೆ ನೆಲುಕ್ಕೆ ಯಾವಾಗ ಗಾರೆ ಆಕೀಯೆ?" ಎಂದು ಕೇಳುತ್ತಿದ್ದಳು. ದೊಡ್ಡ ಕಸುಬುದಾರರ ಮನೆಯಲ್ಲಿ ಇಂಥ ಸಣ್ಣ ಪ್ರಶ್ನೆಗಳು ಏಳುವುದು ಸಹಜ. ನಾನು ಉತ್ತರ ಕೊಡುವ ಗೋಜಿಗೆ ಹೋಗುತ್ತಿರಲಿಲ್ಲ.

ಆ ವರ್ಷ ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆಯುತ್ತಿತ್ತು. ಸಿಮೆಂಟೆಲ್ಲ ಯುದ್ಧಕ್ಕೆ ಹೋಗಿತ್ತು. ನಮ್ಮೂರಿಗೆ ಪ್ಲೇಗು ಬಂದಿತ್ತು. ಪೇಟೆ ಬೀದಿಯಲ್ಲಿ ಇಲಿ ಸತ್ತು ಬಿತ್ತು ಎಂಬ ಸುದ್ದಿ ಹಬ್ಬಿದ್ದೇ ತಡ, ಜನ ಪಾತ್ರೆ, ಚಾಪೆ, ಕೋಳಿ, ಅಜ್ಜಿ ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಊರಾಚೆಯ ಬಯಲಿಗೆ ಬಂದು, ತೆಂಗಿನ ಸೋಗೆಯ ಗುಡಿಸಲು ಹಾಕಿಕೊಂಡರು. ಊರಿನ ತುಂಬ ಬೀಗ ಹಾಕಿದ ಮನೆಗಳು.

ಊರಿಗೆ ಊರೇ ಗುಡಿಸಲು ಸೇರಿದ ಮೇಲೆ ಗಾರೆಯವನಿಗೇನು ಕೆಲಸ? ನಮ್ಮ ಕಸುಬಿನವರು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಸುಣ್ಣದ ಗೂಡಿನ ಪೀರ್ ಸಾಬರಿಗೆ ಬಿಡುವೇ ಇರಲಿಲ್ಲ; ಖಾಲಿ ಮನೆಗಳಿಗೆಲ್ಲ ಸುಣ್ಣ ಬಳಿಸಬೇಕೆಂದು ಹುಕುಂ ಆಗಿತ್ತು. ಚಪ್ಪಡಿ ಹಾಸುತ್ತಿದ್ದ ಬೋರ ಗುಡಿಸಲುಗಳ ಮುಂದೆ ಕೂತು ಒರಳು ಕಲ್ಲು ಕಟೆದುಕೊಟ್ಟ. ಇಟ್ಟಿಗೆ ಹೊರುತ್ತಿದ್ದವರು ಸೌದೆ ಹೊತ್ತರು. ನನ್ನ ಕೆಂಪಮ್ಮ ತವರು ಕೊತ್ತತ್ತಿಯಲ್ಲಿ ಕಲಿತ ವಿದ್ಯೆಯನ್ನು ಹೊರಗೆ ತೆಗೆದು, ತೆಂಗಿನ ಗರಿ ಹೆಣೆಯಲು ಕೂತಳು. ಅವಳು ಹೆಣೆದ ಸೋಗೆಯಲ್ಲಿ ಒಂದು ಹನಿಯೂ ಇಳಿಯುವುದಿಲ್ಲವೆಂದು ಬಯಲಿನ ಅರ್ಧ ಜನ ನಮ್ಮ ಗುಡಿಸಲ ಮುಂದೆಯೇ ಇರುತ್ತಿದ್ದರು. ಒಬ್ಬರು ರಾಗಿ ಕೊಟ್ಟರೆ ಒಬ್ಬರು ಹುರುಳಿ, ಇನ್ನೊಬ್ಬರು ಕುಂಬಳಕಾಯಿ.

ನಾನೋ? ಗಾರೆ ಎಳೆಯುವ ನನ್ನ ಕರಣೆಗೆ ಎಣ್ಣೆ ಸವರಿ, ಗೂಟಕ್ಕೆ ನೇತುಹಾಕಿ, ಅದರ ಕೆಳಗೆ ಕೂತಿದ್ದೆ.

"ಒಸಿ ಬಂದು ಗರಿ ಸೀಳ್ಕೊಡು" ಅಂದಳು ಕೆಂಪಮ್ಮ.

"ಗರಿ ಸೀಳಕ್ಕೆ ಮೇಸ್ತ್ರಿ ಯಾಕಮ್ಮಿ? ನಾನು ಗಾರೆ ಇಡ್ದ ಕೈಯಲ್ಲಿ ಗರಿ ಇಡ್ಯಕಿಲ್ಲ."

"ಅಂಗಾರೆ ಆ ಕೈಯಲ್ಲಿ ನನ್ನ ಕುಂಬ್ಳಕಾಯಿ ಸಾರೂ ಉಣ್ಬ್ಯಾಡ."

ಉಂಡೆ. ಆದರೆ ಬಹಳ ಗಂಭೀರವಾಗಿ ಉಂಡೆ.

ಹೀಗಿರುವಾಗ ಬೆಲ್ಲದ ಮಂಡಿಯ ನಂಜೇಗೌಡರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಗಳು ಜಯಮ್ಮನ ಮದುವೆ ಪ್ಲೇಗಿನಿಂದಾಗಿ ಎರಡು ಸಲ ಮುಂದಕ್ಕೆ ಹೋಗಿತ್ತು. ಈಗ ಇಲಿ ಬೀಳುವುದು ನಿಂತಿತ್ತು, ಕೆಲವರು ಮನೆಗಳಿಗೂ ವಾಪಸ್ಸಾಗಿದ್ದರು. ಮಳವಳ್ಳಿಯ ಬೀಗರು ಒಪ್ಪಿದ್ದರು. ಆದರೆ ಒಂದು ಷರತ್ತು: ಮದುವೆ ಮನೆಯ ನೆಲದಲ್ಲಿ ಒಂದೇ ಒಂದು ಇಲಿ ಬಿಲ ಕಂಡರೂ ಸಂಬಂಧ ಮುರಿಯಿತು!

"ಇನ್ನೊಂದ್ಸಲ ನಿಂತೋದ್ರೆ ಬ್ಯಾರೆ ಎಣ್ಣು ನೋಡ್ಕತೀವಿ ಅಂದವ್ರೆ ಕಣ್ಲಾ ಮೇಸ್ತ್ರಿ. ನೀನೇ ಏನಾರ ಮಾಡು" ಎಂದರು ಗೌಡರು. ಅಷ್ಟು ದೊಡ್ಡ ಮಂಡಿಯ ಯಜಮಾನರು ನನ್ನೆದುರು ಕೈ ಮುಗಿದರು.

ಅತ್ತ ಜಯಮ್ಮ ನನ್ನ ಹೆಂಡತಿಯ ಪಕ್ಕ ಕೂತು ಗರಿ ಸೀಳುತ್ತಿದ್ದಳು. ಗುಡಿಸಲಲ್ಲಿ ಬೇಸರವೆಂದು ದಿನವೂ ಬರುತ್ತಿದ್ದ ಹುಡುಗಿ ಅದು. ತಲೆ ಎತ್ತದೆ, "ಈ ಸಲನಾರೂ ಆಯ್ತದಾ ಅಕ್ಕಾ?" ಎಂದಳು.

ಕರುಳು ಚುರುಕ್ಕೆಂದಿತು. ಚುರುಕ್ಕೆಂದಾಗ ಸುಮ್ಮನಿರಬೇಕಿತ್ತು; ನಾನು ಭಾಷಣ ಮಾಡಿದೆ. "ಗೌಡ್ರೇ, ಇಲಿ ಅತ್ತದ ಗಾರೆ ಆಕ್ತೀನಿ! ಇಲಿ ಇರ್ಲಿ, ಇಲಿ ನೆರಳೂ ಒಳುಕ್ ಬರಕಿಲ್ಲ!"

ಇಲಿ ಹತ್ತದ ಗಾರೆ ಎಂಬುದೊಂದಿದೆ ಎಂದು ಆ ಮಾತು ಬಾಯಿಂದ ಬೀಳುವವರೆಗೆ ನನಗೂ ಗೊತ್ತಿರಲಿಲ್ಲ.

ಗಾರೆಯ ಪಾಕ ಬಲ್ಲವರೆಲ್ಲ ಬಲ್ಲರು. ಸುಣ್ಣ, ಮರಳು ಬೆರೆಸಿ ಗಾಣದಲ್ಲಿ ಅರೆಯಬೇಕು. ಗಟ್ಟಿ ಹಿಡಿಯಲೆಂದು ಅಳಲೆಕಾಯಿ ನೆನೆಸಿದ ನೀರು, ಒಂದಿಷ್ಟು ಬೆಲ್ಲದ ನೀರು ಸೇರಿಸಬೇಕು. ಒಂದಿಷ್ಟು! ಆದರೆ ಗೌಡರ ಮಂಡಿ ಮುಚ್ಚಿತ್ತು, ಅಚ್ಚು ಬೆಲ್ಲ ಕೊಳ್ಳುವವರಿಲ್ಲದೆ ಕರಗಿ ಜಿನುಗುತ್ತಿತ್ತು. "ಎಷ್ಟು ಬೇಕೋ ಅಷ್ಟು ತಕ್ಕೋ" ಎಂದುಬಿಟ್ಟರು ಗೌಡರು. ನಾನು ಶಾಸ್ತ್ರೋಕ್ತವಾಗಿ ಆಲೋಚಿಸಿದೆ: ಸ್ವಲ್ಪ ಬೆಲ್ಲಕ್ಕೇ ಗಾರೆ ಕಲ್ಲಾಗುವುದಾದರೆ, ಧಾರಾಳವಾಗಿ ಹಾಕಿದರೆ ಕಬ್ಬಿಣವಾಗಬೇಡವೆ? ಹಂಡೆಗಟ್ಟಲೆ ಸುರಿದೆ.

ಸುಣ್ಣ ತಂದ ಪೀರ್ ಸಾಬರು ಗಾಣದೊಳಗೆ ಇಣುಕಿ, ಮೂಗರಳಿಸಿದರು. "ಮೇಸ್ತ್ರಿ, ನೀನು ಗಾರೆ ಅರೀತಾ ಇದ್ದೀಯೋ, ಪಾಯಸ ಮಾಡ್ತಾ ಇದ್ದೀಯೋ?"

"ಸಾಬ್ರೇ, ನಿಮ್ದು ಸುಣ್ಣ ಸುಡೋದು. ಪಾಕ ನಂಗೆ ಬುಡಿ."

"ಬಿಟ್ಟೆ ಕಣಪ್ಪ. ದ್ರಾಕ್ಷಿ ಗೋಡಂಬಿನೂ ಹಾಕ್ಬಿಡು" ಎಂದು ಗಾಡಿ ಹೊಡೆದರು.

ಬಿಲಗಳಿಗೆಲ್ಲ ಗಾಜಿನ ಚೂರು ತುರುಕಿ, ಮೇಲೆ ಗಾರೆ ಎಳೆದೆ. ನೆಲ ಕನ್ನಡಿಯ ಹಾಗೆ ಹೊಳೆಯಿತು. ಮಾರನೆಯ ದಿನ ಹೋಗಿ ನೋಡಿದರೆ ಇನ್ನೂ ಹೊಳೆಯುತ್ತಿತ್ತು. ಅದರ ಮಾರನೆಯ ದಿನವೂ ಹೊಳೆಯುತ್ತಿತ್ತು. ಒಣಗಿದ್ದರೆ ತಾನೆ ಹೊಳಪು ಹೋಗುವುದು! ಬೆರಳಿಟ್ಟರೆ ಬೆರಳು ಬರುತ್ತಿರಲಿಲ್ಲ. ಇರುವೆಗಳು ಮಾತ್ರ ಬಂದವು. ಶಿಸ್ತಾಗಿ, ಸಾಲಾಗಿ ಬಂದವು. ಅವುಗಳ ಹಿಂದೆ ನೊಣ ಬಂದವು.

ಇದನ್ನು ಬೀಗರು ನೋಡಿದರೆ ಕೆಟ್ಟೆನೆಂದು, ನೆಲದ ತುಂಬ ಹೊಸ ನೆಲ್ಲುಹುಲ್ಲು ಹರಡಿ ಮುಚ್ಚಿದೆ. ಆ ಹುಲ್ಲಿನಲ್ಲಿ ಕಾಳು ಸರಿಯಾಗಿ ಉದುರಿರಲಿಲ್ಲವೆಂಬುದು ನನ್ನ ಗಮನಕ್ಕೆ ಬರಲಿಲ್ಲ. ಕದ ಹಾಕಿ, ಬೀಗ ಜಡಿದು, ನೆಮ್ಮದಿಯಾಗಿ ಬಯಲಿಗೆ ಹಿಂತಿರುಗಿದೆ. ಮೇಲೆ ಭತ್ತ, ಕೆಳಗೆ ಬೆಲ್ಲ, ನಡುವೆ ಬೆಚ್ಚನೆಯ ಹುಲ್ಲು, ಯಾರೂ ಬಾರದ ಹಾಗೆ ಹೊರಗೆ ಬೀಗ! ಮದ್ದೂರಿನಲ್ಲಿ ಪ್ಲೇಗು ಕಳೆದು ಬದುಕಿದ್ದ ಇಲಿಗಳಿಗೆಲ್ಲ ನಾನು ಬೀಗರೂಟವನ್ನೇ ಬಡಿಸಿಟ್ಟು ಬಂದಿದ್ದೆ.

ನೆಲ ನೋಡಲು ಮಳವಳ್ಳಿಯಿಂದ ಬೀಗರ ಹಿರಿಯ ಚಿಕ್ಕಣ್ಣಗೌಡರು ಬಂದರು. ಗಂಡಿನ ತಂದೆ, ದಪ್ಪ ಮೀಸೆ, ಕಿರುಗುಟ್ಟುವ ಹೊಸ ಚಪ್ಪಲಿ. ಪ್ಲೇಗಿನ ಭಯಕ್ಕೆ ಚಪ್ಪಲಿ ಬಿಡದೆಯೇ ಒಳಗೆ ಕಾಲಿಟ್ಟರು. ಹಿಂದೆ ನಂಜೇಗೌಡರು, ಜಯಮ್ಮ, ಕೆಂಪಮ್ಮ, ಪೀರ್ ಸಾಬರು, ಆಗಲೇ ಮನೆಗಳಿಗೆ ವಾಪಸ್ಸಾಗಿದ್ದ ಅಕ್ಕಪಕ್ಕದವರು. ನಾನು ರುಮಾಲು ಸರಿಮಾಡಿಕೊಂಡು, ಪರದೆ ಸರಿಸುವ ಗತ್ತಿನಲ್ಲಿ ಹುಲ್ಲನ್ನು ಎಳೆದೆ.

ನಡುಮನೆಯ ನಟ್ಟನಡುವೆ ಒಂದು ಇಲಿ. ದಪ್ಪದ್ದು. ಸತ್ತದ್ದು!

"ಇಲಿ ಬಿದ್ದೈತೆ!" ಎಂದು ಯಾರೋ ಕಿರುಚಿದರು.

ಆ ಕಾಲದಲ್ಲಿ ಹುಲಿ ಬಂತೆಂದರೂ ಜನ ನಿಂತು ನೋಡುತ್ತಿದ್ದರು. ಇಲಿ ಬಿತ್ತೆಂದರೆ ನಿಲ್ಲುತ್ತಿರಲಿಲ್ಲ. ಬೀದಿಯವರು ಕ್ಷಣದಲ್ಲಿ ಮಾಯವಾಗಿ, ಇಳಿಸಿದ್ದ ಸಾಮಾನನ್ನು ಮತ್ತೆ ಗಾಡಿಗೆ ಏರಿಸತೊಡಗಿದರು. ಚಿಕ್ಕಣ್ಣಗೌಡರೂ ಓಡಿದರು. ಅವರ ಕಾಲು ಓಡಿತು, ಒಂದು ಚಪ್ಪಲಿ ಓಡಲಿಲ್ಲ. ಗಾರೆ ಅದನ್ನು ಭದ್ರವಾಗಿ ಹಿಡಿದುಕೊಂಡಿತ್ತು.

"ಈ ಸಂಬಂಧ ಬ್ಯಾಡ ಬುಡಿ ಗೌಡ್ರೇ" ಎಂದರು ಅವರು ಬಾಗಿಲಾಚೆ ಒಂಟಿ ಕಾಲಿನಲ್ಲಿ ನಿಂತು. "ದ್ಯಾವ್ರೇ ಬ್ಯಾಡ ಅಂತಾವ್ನೆ."

ನಂಜೇಗೌಡರು ಜಗಲಿಯ ಮೇಲೆ ಕುಸಿದರು. ಜಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಇಲಿ ಏಕೆ ಸತ್ತಿತೆಂದು ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಪ್ಲೇಗು ಎಂದು ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ಮದುವೆ ಮುರಿಯುತ್ತಿತ್ತು. ನಿಜ ಹೇಳಿದರೆ ಮದುವೆ ಉಳಿಯಬಹುದು, ನನ್ನ ಹೆಸರು ಆ ಇಲಿಯ ಪಕ್ಕದಲ್ಲೇ ಮಲಗುತ್ತಿತ್ತು. ಗಂಟಲು ಸರಿಮಾಡಿಕೊಂಡೆ. ಮತ್ತೊಮ್ಮೆ ಸರಿಮಾಡಿಕೊಂಡೆ. ಆ ಹುಡುಗಿಯ ಮುಖ ನೋಡಲಾಗದೆ ಚಪ್ಪಲಿಯನ್ನೇ ನೋಡುತ್ತಾ ನಿಂತೆ.

ಅಷ್ಟರಲ್ಲಿ ಕೆಂಪಮ್ಮ ಉದ್ದನೆಯ ಬಿದಿರ ಗಳು ತಂದು ಇಲಿಯನ್ನು ಮೀಟಿದಳು. ಅದು ಅಲುಗಲಿಲ್ಲ.

"ಬನ್ರಪ್ಪ, ನೋಡಿ! ನಾಕು ಕಾಲೂ ಗಾರೇಲಿ ಊತ್ಕಂಡವೆ. ಮೂತಿ ತುಂಬ ಸುಣ್ಣ. ಪ್ಲೇಗಲ್ಲ ಕಣ್ರಪ್ಪೋ, ನಮ್ಮೆಜಮಾನನ ಗಾರೆ ನೆಕ್ಕಿ ಸತ್ತೈತೆ!"

ಚಿಕ್ಕಣ್ಣಗೌಡರು ನನ್ನತ್ತ ತಿರುಗಿದರು. "ದಿಟವೇನ್ಲಾ ಮೇಸ್ತ್ರಿ? ಮಕ್ಳಾಣೆ ಏಳು."

"ದಿಟ ಗೌಡ್ರೇ" ಅಂದೆ. ಜೀವಮಾನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ನಾನು ಮಾತಾಡಿರಲಿಲ್ಲ. "ಬೆಲ್ಲ ಒಸಿ ಜಾಸ್ತಿ ಆಯ್ತು. ಇಲಿ ತಪ್ಪೇನೂ ಇಲ್ಲ."

"ನಾನು ಪಾಯಸ ಅಂದಿದ್ದೆ" ಎಂದರು ಪೀರ್ ಸಾಬರು, ಯಾರೂ ಕೇಳದಿದ್ದರೂ.

ಚಿಕ್ಕಣ್ಣಗೌಡರು ಬಗ್ಗಿ, ಎರಡೂ ಕೈಯಿಂದ ಚಪ್ಪಲಿ ಕಿತ್ತರು. ಅದರ ಜೊತೆ ನನ್ನ ನೆಲದ ಒಂದು ಪಾಲೂ ಎದ್ದು ಬಂತು. ಅದನ್ನು ನೋಡಿದರು. ನನ್ನನ್ನು ನೋಡಿದರು. ಮೀಸೆ ಅದುರಿತು. ಆಮೇಲೆ ಹೊಟ್ಟೆ ಅದುರಿತು. ನಕ್ಕರು, ನಗುತ್ತಾ ನಗುತ್ತಾ ಜಗಲಿಯ ಮೇಲೆ ಬೀಗರ ಪಕ್ಕವೇ ಕೂತರು.

"ಮೇಸ್ತ್ರಿ ಸುಳ್ಳೇಳಿಲ್ಲ ಕಣ್ರೀ. ಈ ನೆಲುಕ್ ಬಂದ ಇಲಿ ತಿರ್ಗ ಓಗಕಿಲ್ಲ! ಆದ್ರೆ ಇಲ್ಲಿ ಧಾರೆ ಎರ್ದ್ರೆ ಎಣ್ಣು ಗಂಡೂ ಇಲ್ಲೇ ಅಂಟ್ಕತವೆ. ಮದ್ವೆ ಬಯಲಲ್ಲೇ ಆಗ್ಲಿ. ಒಳ್ಳೆ ಚಪ್ಪರ ಆಕ್ಸಿ."

ಚಪ್ಪರ ಎಂದ ಕೂಡಲೇ ಎಲ್ಲರೂ ಕೆಂಪಮ್ಮನನ್ನು ನೋಡಿದರು.

"ಆಕ್ಕೊಡ್ತೀನಿ" ಎಂದಳು ಅವಳು. "ಗರಿ ಸೀಳಕ್ಕೆ ಒಂದಾಳು ಬೇಕಾಯ್ತದೆ."

ಎಲ್ಲರೂ ನನ್ನನ್ನು ನೋಡಿದರು.

ಮದುವೆ ಸಾಂಗವಾಗಿ ನಡೆಯಿತು. ಕೆಂಪಮ್ಮನ ಚಪ್ಪರದ ಕೆಳಗೆ ಎರಡೂ ಊರಿನವರು ಕೂತು ಉಂಡರು. ಜಯಮ್ಮ ತಲೆ ಎತ್ತಿ ನಕ್ಕಿದ್ದನ್ನು ಆವತ್ತೇ ನಾನು ಕಂಡದ್ದು. ನನಗೂ ಕಣ್ಣು ಒದ್ದೆಯಾಯಿತು. ಊಟವಾದ ಮೇಲೆ ಚಿಕ್ಕಣ್ಣಗೌಡರು ತಟ್ಟೆ ಹಿಡಿದು ನಿಂತು, "ಮೇಸ್ತ್ರಿ ಎಲ್ರಪ್ಪ? ಮೇಸ್ತ್ರಿಗೆ ತಾಂಬೂಲ ಕೊಡ್ಬೇಕು!" ಎಂದು ಕೂಗಿದರು.

ಏನೇ ಆಗಲಿ, ದೊಡ್ಡವರ ಮನಸ್ಸು ದೊಡ್ಡದು. ನಾನು ರುಮಾಲು ಸರಿಮಾಡಿಕೊಂಡು, ಮುಂದೆ ಹೋಗಿ ಎರಡೂ ಕೈ ಚಾಚಿದೆ. ತಟ್ಟೆ ನನ್ನ ಕೈಗಳ ಮೇಲೆ ಹಾದು, ಹಿಂದೆ ನಿಂತಿದ್ದ ಕೆಂಪಮ್ಮನ ಮಡಿಲಿಗೆ ಹೋಯಿತು. ಎಲೆ, ಅಡಿಕೆ, ರವಿಕೆ ಕಣ ಅವಳಿಗೆ. ಚಾಚಿದ ಕೈ ಬರಿದಾಗಬಾರದೆಂದು ಅವಳು ತೆಂಗಿನಕಾಯನ್ನು ನನ್ನ ಕೈಗಿಟ್ಟಳು, ಹೊತ್ತುಕೊಂಡು ಬರಲು.

ಗುಡಿಸಲಿಗೆ ಹೋಗುವಾಗ ದಾರಿಯಲ್ಲಿ ನನ್ನ ಮನಸ್ಸು ಕರಗಿತು. "ಲೇ ಕೆಂಪಿ" ಅಂದೆ, "ನಮ್ಮನೆಗೆ ವಾಪಸ್ ಓದೇಟ್ಗೆ ಮೊದ್ಲು ನಮ್ಮ ಅಡ್ಗೆಮನೆಗೆ ಗಾರೆ ಆಕ್ಬುಡ್ತೀನಿ."

ಅವಳು ಗಕ್ಕನೆ ನಿಂತಳು.

"ಬ್ಯಾಡ ಕಣಯ್ಯ! ನಾನು ಸಗಣಿನೇ ಸಾರ್ಸ್ಕತೀನಿ. ನೀನು ಗರಿ ಸೀಳದ್ರಲ್ಲಿ ಒಸಿ ಪಳಗ್ಕಂಡಿದ್ದೀಯ, ಅದ್ನೇ ಮಾಡು."

ಆ ವರ್ಷ ನನ್ನ ಕೈಗೆಲಸಕ್ಕೆ ಸಿಕ್ಕ ಹೊಗಳಿಕೆ ಅದೊಂದೇ.